ಅಂದಾನೆಪ್ಪ ಪಿಯಾನೋ ಹಚ್ಚಿದ್ದು

ರೋಣದ ಬೀಜ-ಗೊಬ್ಬರದ ವ್ಯಾಪಾರಿ ಅಂದಾನೆಪ್ಪನಿಗೆ ಸಂಗೀತದ ವಿಷಯದಲ್ಲಿ ಗೊತ್ತಿದ್ದದ್ದು ಒಂದೇ ಸಂಗತಿ. ಹಾಡುವವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೋ ಅಲ್ಲಿ ‘ವ್ಹಾ’ ಅನ್ನಬೇಕು. ಇದನ್ನು ಅವನು ಗದಗಿನ ಕಡೆಯ ಕಛೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ಕಲಿತಿದ್ದ. ಮುಂದಿನ ಸಾಲು ಸಿಕ್ಕದ್ದು ರಸಿಕತೆಗಲ್ಲ. ಗೊಬ್ಬರದ ಕಂಪನಿಯವರು ಶಾಮಿಯಾನದ ಖರ್ಚು ಹೊರುತ್ತಿದ್ದರು, ಅವರ ಪರವಾಗಿ ಹೋಗಿ ಕೂಡುವ ಕೆಲಸ ಇವನ ಪಾಲಿಗೆ ಬಂದಿತ್ತು. ಒಮ್ಮೊಮ್ಮೆ ವ್ಹಾ ತಪ್ಪಿದ ಜಾಗದಲ್ಲಿ ಬಿದ್ದರೂ ಯಾರೂ ತಕರಾರು ಮಾಡುತ್ತಿರಲಿಲ್ಲ. ತಬಲಾದವನು ತನಗೇ ಅಂದರೆಂದು ತಿಳಿದು ನಕ್ಕುಬಿಡುತ್ತಿದ್ದ. ಹೀಗಾಗಿ ಐವತ್ತು ದಾಟುವವರೆಗೆ ಅವನ ರಸಿಕತೆಗೆ ಧಕ್ಕೆ ಅನ್ನುವುದು ಬಂದಿರಲಿಲ್ಲ.

ಧಕ್ಕೆ ಬಂದದ್ದು ನರಗುಂದದಲ್ಲಿ, ಮಗಳ ಮದುವೆಯ ಮಾತುಕತೆಗೆ ಹೋದಾಗ.

ಮಗಳು ಶ್ವೇತಾ ಗಜೇಂದ್ರಗಡದ ಒಂದು ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಳು. ಹುಡುಗ ಬಸವಪ್ರಸಾದ ಅದೇ ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತಿದ್ದ. ಅವನು ನರಗುಂದದಲ್ಲಿ ಹತ್ತುವ ಬಸ್ಸಿಗೆ ಇವಳು ರೋಣದಲ್ಲಿ ಹತ್ತುತ್ತಿದ್ದಳು. ಇಬ್ಬರೂ ಬಸ್ಸಿನಲ್ಲೇ ಎಲ್ಲವನ್ನೂ ತೀರ್ಮಾನ ಮಾಡಿಕೊಂಡು, ಹಿರಿಯರಿಗೆಂದು ಮಾತುಕತೆಯನ್ನು ಮಾತ್ರ ಉಳಿಸಿದ್ದರು. ಜಾತಿ ಕೂಡಿತ್ತು, ಮನೆತನ ಕೂಡಿತ್ತು. ಎರಡೂ ಮನೆಯ ಹೆಂಗಸರು ಮೊದಲ ಚಹಾದಲ್ಲೇ ಒಬ್ಬರನ್ನೊಬ್ಬರು ಒಪ್ಪಿದ್ದರು. ಒಪ್ಪಬೇಕಾಗಿ ಉಳಿದವರು ಹುಡುಗನ ತಂದೆ ಗುರುಪಾದಪ್ಪನವರೊಬ್ಬರೇ.

ಗುರುಪಾದಪ್ಪನವರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ವರದಕ್ಷಿಣೆ ಕೇಳುವವರಲ್ಲ, ಬಂಗಾರ ಕೇಳುವವರಲ್ಲ. ಅವರಿಗೆ ಇದ್ದದ್ದು ಒಂದೇ ಹುಚ್ಚು, ಅದು ವಿಲಾಯತಿ ಪಿಯಾನೋ. ಅದಕ್ಕೆಂದೇ ಮನೆಯಲ್ಲಿ ಒಂದು ಕೋಣೆ ಇತ್ತು, ಕೋಣೆಯಲ್ಲಿ ಎರಡು ದೊಡ್ಡ ಸ್ಪೀಕರುಗಳಿದ್ದವು, ಕುರ್ಚಿ ಮಾತ್ರ ಒಂದೇ. ಎರಡನೆಯ ಕುರ್ಚಿಯ ಅಗತ್ಯ ಬಂದಿರಲಿಲ್ಲ. ಅವರು ಪಿಯಾನೋ ಹಚ್ಚಿದರೆ ಹೆಂಡತಿ ಗುಡಿಗೆ ಹೋಗುತ್ತಿದ್ದರು, ಮಗ ಗಜೇಂದ್ರಗಡಕ್ಕೆ ಹೋಗುತ್ತಿದ್ದ, ಹಳೆಯ ಸಹೋದ್ಯೋಗಿಗಳು ಬಾಗಿಲವರೆಗೆ ಬಂದು ಒಳಗಿನ ಸಪ್ಪಳ ಕೇಳಿ ಹಿಂದಿರುಗುತ್ತಿದ್ದರು. ಅಂದು ಅಂದಾನೆಪ್ಪನಿಗಾಗಿ ಊಟದ ಕೋಣೆಯಿಂದ ಇನ್ನೊಂದು ಕುರ್ಚಿ ತರಿಸಿದರು.

ಅವರು ಕೇಳಿಸಿದ್ದು ಪಿಯಾನೋ ಬಲ್ಲವರಿಗೂ ಅಷ್ಟಾಗಿ ಗೊತ್ತಿಲ್ಲದ ಒಂದು ಕೃತಿ. ಬರೆದವನು ನೂರೈವತ್ತು ವರ್ಷದ ಹಿಂದೆ ಜರ್ಮನಿಯ ಯಾವುದೋ ಸಣ್ಣ ಊರಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಬದುಕಿದವನಂತೆ. ಹೆಸರೆಲ್ಲ ಆ ಕಾಲದ ದೊಡ್ಡವರು ಹೊತ್ತುಕೊಂಡು ಹೋದದ್ದರಿಂದ ಇವನಿಗೆ ಏನೂ ಉಳಿಯಲಿಲ್ಲವಂತೆ. ಈ ಮಾದರಿಗೆ ರೊಮ್ಯಾಂಟಿಕ್ ಅನ್ನುತ್ತಾರೆ ಎಂದು ಗುರುಪಾದಪ್ಪನವರು ಹೇಳಿದಾಗ ಅಂದಾನೆಪ್ಪ ಬಾಗಿಲ ಕಡೆ ನೋಡಿ ಸ್ವಲ್ಪ ಮುದುಡಿ ಕೂತ. ಹಾಗಲ್ಲ, ಮನುಷ್ಯ ತನ್ನ ಮನಸ್ಸಿಗೆ ಅನಿಸಿದ್ದನ್ನು ತನಗೇ ಹೇಳಿಕೊಳ್ಳುವ ಬಗೆ ಅದು ಎಂದು ಅವರು ತಿಳಿಸಿ, ಕಣ್ಣು ಮುಚ್ಚಿದರು.

ಪಿಯಾನೋ ಬಹಳ ಹೊತ್ತು ಅಂಗಳದಲ್ಲಿ ಅಡ್ಡಾಡುವವರ ಹಾಗೆ ಮೆಲ್ಲಗೆ ನಡೆಯಿತು. ಅಂದಾನೆಪ್ಪ ಬೇಸನ್ ಉಂಡಿಯ ತಟ್ಟೆ ಹತ್ತಿರ ಎಳೆದುಕೊಂಡ. ಆಮೇಲೆ ಸ್ವರ ಏರುತ್ತ ಏರುತ್ತ ಹೋಗಿ, ತಟ್ಟನೆ ನಿಂತುಬಿಟ್ಟಿತು. ವಾದಕ ಉಸಿರು ತೆಗೆದುಕೊಂಡನೆಂದು ತಿಳಿದು ಅಂದಾನೆಪ್ಪ ರೂಢಿಯಂತೆ ಕೈ ಮೇಲೆತ್ತಿ ಬಾಯಿ ತೆರೆದ. ಆದರೆ ವ್ಹಾ ಹೊರಡುವ ದಾರಿಯಲ್ಲಿ ಉಂಡಿ ಅಡ್ಡ ನಿಂತಿತ್ತು. ಕೈ ಗಾಳಿಯಲ್ಲೇ ಉಳಿಯಿತು, ಬಾಯಿ ತೆರೆದೇ ಉಳಿಯಿತು, ಕಣ್ಣಿನಿಂದ ಬಳಬಳ ನೀರು ಇಳಿಯಿತು. ಗುರುಪಾದಪ್ಪನವರು ಕಣ್ಣು ತೆರೆದು ನೋಡಿದ್ದು ಸರಿಯಾಗಿ ಆ ಹೊತ್ತಿಗೆ.

ಕೃತಿ ಮುಗಿದ ಮೇಲೆ ಅವರು ಅವನ ಮೊಣಕೈ ಹಿಡಿದು ಹೇಳಿದರು: “ಇದರ ಜೀವ ಇರೋದ ಆ ನಿಲ್ಲೂದ್ರಾಗ ನೋಡ್ರಿ. ಅಲ್ಲೆ ಯಾರಾರ ಕೆಮ್ಮತಾರ, ಯಾರಾರ ಎದ್ದ ಹೋಗತಾರ. ಅಲ್ಲೆ ಅಳಾವರನ್ನ ನಾ ಇವತ್ತ ನೋಡಿದೆ. ನೀವು ಇದನ್ನ ಮೊದಲ ಕೇಳೀರಿ, ಹೌದಲ್ಲ?”

ಉಂಡಿ ಆಗಷ್ಟೇ ಕೆಳಗಿಳಿದಿತ್ತು. ಇಂಥ ಗಳಿಗೆಯಲ್ಲಿ ಇಲ್ಲ ಅನ್ನುವುದಕ್ಕೆ ಬೇರೆಯೇ ತರದ ಮನುಷ್ಯ ಬೇಕು.

“ದಿನಾ ಮುಂಜಾನೆ ನಮ್ಮನ್ಯಾಗ ಇದನ್ನ ಹಚ್ಚತೀವ್ರಿ ಸರ” ಅಂದ ಅಂದಾನೆಪ್ಪ. “ಓಣಿಗೆಲ್ಲಾ ಗೊತ್ತೈತ್ರಿ.”

“ಹಂಗಾದ್ರ ಬರೂ ಐತವಾರ ಮುಂಜಾನೆ ನಿಮ್ಮನಿಗೇ ಬರ್ತೀನಿ. ಕೂಡಿ ಕೇಳೂನು. ಮುಹೂರ್ತದ ಮಾತು ಆಮ್ಯಾಲ.”

ಮರಳಿ ಬರುವಾಗ ಶ್ವೇತಾ ಕೊಣ್ಣೂರಿನ ಕಬ್ಬಿನ ಹೊಲಗಳನ್ನೋ ಮತ್ತೇನನ್ನೋ ನೋಡುವವಳಂತೆ ಕಿಡಕಿಯ ಕಡೆ ಮುಖ ಮಾಡಿದ್ದಳು. ರೋಣ ಹತ್ತಿರ ಬಂದಾಗ, ಅವರ ಮುಂದೆ ಸುಳ್ಳು ಸಿಕ್ಕಿಬಿದ್ದರೆ ಈ ಮದುವೆ ಆಗುವುದಿಲ್ಲ, ಅವರು ಬೇರೆ ಏನನ್ನಾದರೂ ಸಹಿಸುತ್ತಾರೆ, ಅದನ್ನು ಮಾತ್ರ ಸಹಿಸುವುದಿಲ್ಲ ಎಂದಷ್ಟೇ ಹೇಳಿ, ತಂದೆಯ ಮೊಬೈಲಿಗೆ ಆ ಕೃತಿಯನ್ನು ಹಾಕಿಕೊಟ್ಟಳು. ಆ ಮಾತು ಅಂದಾನೆಪ್ಪನ ಎದೆಗೆ ತಾಗಿತು.

ಅವನು ಕೆಲಸಕ್ಕೆ ಇಳಿದ. ಅಂಗಡಿಯ ಗಲ್ಲೆಯ ಮೇಲೆ ಕೂತು ಕಿವಿಗೆ ವೈರು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ. ಅಸೂಟಿಯ ರೈತನೊಬ್ಬ ಕಡಲೆ ಬೀಜ ಕೇಳಲು ಬಂದು, ಸಾವುಕಾರ ಧ್ಯಾನದಲ್ಲಿದ್ದಾನೆಂದು ಚಪ್ಪಲಿ ಬಿಟ್ಟು ಕೂತು, ಕಾದು, ಎದುರಿನ ಅಂಗಡಿಯಲ್ಲಿ ಬೀಜ ತೆಗೆದುಕೊಂಡು ಹೋದ. ಪಿಯಾನೋ ಅಡ್ಡಾಡತೊಡಗಿದರೆ ಅಂದಾನೆಪ್ಪನ ರೆಪ್ಪೆ ತಾವಾಗಿ ಕೂಡುತ್ತಿದ್ದವು. ನಿದ್ದೆಯನ್ನು ಗೆದ್ದು ಆ ನಿಲ್ಲುವ ಜಾಗದವರೆಗೆ ತಲುಪಿದ ದಿನ, ನೆಟ್‌ವರ್ಕ್ ಹೋಯಿತೆಂದು ಮೊಬೈಲನ್ನು ಅಂಗೈಗೆ ಬಡಿದು ಮೊದಲಿನಿಂದ ಹಚ್ಚಿದ. ಎರಡನೆಯ ಸಲವೂ ಅಲ್ಲೇ ಹೋಯಿತು. ಮಗಳು ತಿಳಿಸಿ ಹೇಳುವವರೆಗೆ ಅವನು ಮೊಬೈಲ್ ಕಂಪನಿಯವರನ್ನು ಬೈಯುತ್ತಲೇ ಇದ್ದ. ಅದರಾಚೆ ಏನಿದೆ ಎಂಬುದು ಶನಿವಾರ ಬಂದರೂ ಅವನಿಗೆ ತಿಳಿಯಲಿಲ್ಲ.

ಇದಕ್ಕಿಂತ ದೊಡ್ಡ ಚಿಂತೆ ಓಣಿಯದು. ನಮ್ಮ ಕಡೆ ಸಂಬಂಧ ಬೆಳೆಸುವವರು ಮನೆಯವರನ್ನು ಕೇಳುವ ಮೊದಲು ಓಣಿಯನ್ನು ಕೇಳುತ್ತಾರೆ. ಹಾಲಿನವನನ್ನು, ಕಟ್ಟೆಯ ಮೇಲಿನ ಮುದುಕರನ್ನು, ಎದುರುಮನೆಯ ಹೆಂಗಸನ್ನು ಸಹಜವೆಂಬಂತೆ ಮಾತಿಗೆ ಎಳೆದು ಎಲ್ಲ ತಿಳಿದುಕೊಳ್ಳುತ್ತಾರೆ. ಗುರುಪಾದಪ್ಪನವರು ಯಾರನ್ನಾದರೂ ಕೇಳಿದರೆ? ಪಿಯಾನೋ ಅನ್ನುವ ವಸ್ತುವನ್ನು ಈ ಓಣಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆದ್ದರಿಂದ ಐತವಾರ ಬೆಳಗಿನ ಜಾವದಿಂದಲೇ ದೊಡ್ಡ ಸೌಂಡ್ ಬಾಕ್ಸ್ ತಂದು ಕಟ್ಟೆಯ ಮೇಲಿಟ್ಟು ಹಚ್ಚಿಬಿಡುವುದು, ಬೀಗರು ಬರುವ ಹೊತ್ತಿಗೆ ಓಣಿಗೆ ಅದು ಬಾಯಿಪಾಠ ಆಗಿರುವುದು ಎಂದು ಅವನು ಯೋಜನೆ ಹಾಕಿದ. ಯೋಜನೆಯಲ್ಲಿ ತಪ್ಪು ಹುಡುಕಲು ಅವನು ಹೆಂಡತಿಯನ್ನು ಕೇಳಬಹುದಿತ್ತು, ಕೇಳಲಿಲ್ಲ.

ಬಾಕ್ಸ್ ಇದ್ದದ್ದು ಓಣಿಯ ಮೈನುದ್ದೀನನ ಹತ್ತಿರ. ಶಾಮಿಯಾನ, ಕುರ್ಚಿ, ಸೌಂಡು ಎಲ್ಲ ಅವನದೇ. ಮದುವೆಗೂ ಅವನೇ, ಸತ್ತವರ ಮಣ್ಣಿಗೂ ಅವನೇ. ಯಾವುದಕ್ಕೆ ಕರೆ ಬಂದಿದೆ ಎಂಬುದನ್ನು ಅವನು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಮದುವೆಯವರು ತಿಂಗಳ ಮೊದಲು ಹಗಲು ಹೊತ್ತಿನಲ್ಲಿ ಬಂದು ಬಹಳ ಮಾತಾಡುತ್ತಾರೆ. ಇನ್ನೊಂದರವರು ಕೋಳಿ ಕೂಗುವ ಹೊತ್ತಿಗೆ ಫೋನ್ ಮಾಡಿ ಕಡಿಮೆ ಮಾತಾಡುತ್ತಾರೆ. ಅಂದಾನೆಪ್ಪ ಫೋನ್ ಮಾಡಿದ್ದು ಕೋಳಿ ಕೂಗುವ ಹೊತ್ತಿಗೆ. ವಯಸ್ಸಾದ ತಾಯಿ ಚನ್ನವ್ವ ಎಚ್ಚರಾದಾಳು ಎಂದು ದನಿ ತಗ್ಗಿಸಿದ್ದ.

“ಮೈನುದ್ದೀನ, ಒಂದ ಬಾಕ್ಸ್ ಬೇಕಾಗೇತಪಾ. ಲಗೂ. ಮನಿಗೆ ಮಂದಿ ಬರಾವ್ರದಾರ.”

ಆ ಕಡೆ ಮೈನುದ್ದೀನ ಎದ್ದು ಕೂತ ಸಪ್ಪಳ ಕೇಳಿತು. ಹಿಂದಿನ ವಾರವಷ್ಟೇ ಚನ್ನವ್ವ ಜ್ವರ ಬಂದು ಮಲಗಿದ್ದು ಓಣಿಗೆ ಗೊತ್ತಿತ್ತು.

“ಆತ್ರಿ ಅಣ್ಣಾರ” ಅಂದ ಮೈನುದ್ದೀನ. “ನೀವ ಧೈರ್ಯಾ ತಗೋರಿ. ಎಲ್ಲಾ ನಾ ನೋಡ್ಕೋತೀನಿ.”

ಬೀಗರ ಬಗ್ಗೆ ತನಗಿದ್ದ ಹೆದರಿಕೆ ಇವನಿಗೆ ಹೇಗೆ ತಿಳಿಯಿತು ಎಂದು ಅಂದಾನೆಪ್ಪನಿಗೆ ಆಶ್ಚರ್ಯವಾಯಿತು. ಮೈನುದ್ದೀನ ಬಾಕ್ಸಿನ ಜೊತೆ ಶಾಮಿಯಾನವನ್ನೂ ಕುರ್ಚಿಗಳನ್ನೂ ಟೆಂಪೋದಲ್ಲಿ ಹೇರಿಕೊಂಡು ಬಂದು ಇಳಿಸಿದಾಗಲಂತೂ, ನಾನು ಕೇಳಿದ್ದು ಬಾಕ್ಸ್ ಒಂದೇ ಅಲ್ಲವೇ ಅಂದ. ಮೈನುದ್ದೀನ ಅವನ ಹೆಗಲ ಮೇಲೆ ಕೈಯಿಟ್ಟು, ಆ ಮಾತು ಈಗ ಬೇಡ ಎಂದು ಬೇರೆ ಕಡೆ ತಿರುಗಿದ. ಓಣಿಯ ಹುಡುಗಿಯ ಮದುವೆಯ ವಿಷಯದಲ್ಲಿ ಎಂಥ ಕಳಕಳಿ ಎಂದು ಅಂದಾನೆಪ್ಪನ ಕಣ್ಣು ತೇವವಾದವು. ಅದನ್ನು ನೋಡಿ ಮೈನುದ್ದೀನನ ಕಣ್ಣೂ ತೇವವಾದವು.

ಹೊರಗೆ ಪಿಯಾನೋ ಶುರುವಾಯಿತು, ಮುಗಿದಾಗೊಮ್ಮೆ ಮೈನುದ್ದೀನ ಮೊದಲಿನಿಂದ ಹಚ್ಚುತ್ತಿದ್ದ. ನಸುಕಿನಲ್ಲಿ ಮನೆಯ ಮುಂದೆ ಶಾಮಿಯಾನ ಎದ್ದು, ಬಾಕ್ಸಿನಲ್ಲಿ ಮೆಲ್ಲಗಿನ, ಮಾತಿಲ್ಲದ, ದುಃಖದ ವಾದ್ಯ ಕೇಳಿಬಂದರೆ ನಮ್ಮೂರಿನಲ್ಲಿ ಅದಕ್ಕೆ ಅರ್ಥ ಒಂದೇ. ಟೀವಿಯವರೂ ದೊಡ್ಡವರು ಹೋದಾಗ ಇಂಥದ್ದನ್ನೇ ಹಚ್ಚುತ್ತಾರೆ.

ಅಷ್ಟಕ್ಕೇ ಮುಗಿದಿದ್ದರೆ ಯಾರಾದರೂ ಒಳಗೆ ಇಣುಕಿ ನೋಡಿ ವಾಪಸ್ಸು ಹೋಗುತ್ತಿದ್ದರು. ಆದರೆ ಒಳಗೆ ಇಣುಕಿದವರಿಗೆ ಕಂಡದ್ದು ಹೀಗಿತ್ತು. ಬೀಗರು ಬಂದು ಕಾಲಿಗೆ ಬೀಳುತ್ತಾರೆಂದು ಅಂದಾನೆಪ್ಪನ ಹೆಂಡತಿ ಅನ್ನಪೂರ್ಣೇಶ್ವರಿ ಅತ್ತೆಗೆ ಬೇಗನೆ ನೀರೆರೆದು, ಹಣೆಗೆ ದಪ್ಪಗೆ ವಿಭೂತಿ ಬಳಿದು, ಗಜೇಂದ್ರಗಡದ ಹೊಸ ಸೀರೆ ಉಡಿಸಿ, ಬಾಗಿಲಿಗೆ ಎದುರಾಗಿ ಪಡಸಾಲೆಯ ಗೋಡೆಗೆ ಆನಿಸಿ ಗಾದಿಯ ಮೇಲೆ ಕೂಡಿಸಿದ್ದಳು. ಮುದುಕಿ ಒಂದು ಕಡೆ ವಾಲುತ್ತಾಳೆಂದು ಎರಡೂ ಮಗ್ಗುಲಿಗೆ ತಲೆದಿಂಬು ಇಟ್ಟಿದ್ದಳು. ಪಕ್ಕದಲ್ಲಿ ಊದಿನಕಡ್ಡಿ ಉರಿಯುತ್ತಿತ್ತು. ಚನ್ನವ್ವ ಸ್ವಲ್ಪ ಹೊತ್ತು ಪಿಯಾನೋ ಕೇಳಿ, ಹಿತವೆನಿಸಿ, ಕಣ್ಣು ಮುಚ್ಚಿದ್ದಳು.

ಲಿಂಗಾಯತರ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಎರೆದು, ವಿಭೂತಿ ಹಚ್ಚಿ, ಹೊಸದು ಉಡಿಸಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ವಾಲಬಾರದೆಂದು ಮಗ್ಗುಲಿಗೆ ದಿಂಬು ಇಡುತ್ತಾರೆ.

ಮೊದಲು ಬಂದವಳು ಮೈನುದ್ದೀನನ ತಾಯಿ ಹಸನಬಿ, ಚನ್ನವ್ವನ ಓರಗೆಯವಳು. ಹೊಸ್ತಿಲಲ್ಲೇ ಕುಸಿದು ಕೂತಳು. ಆಮೇಲೆ ಓಣಿಯ ಹಿರಿಯ ದ್ಯಾಮಪ್ಪ ಬಂದ. ಈ ಭಾಗದಲ್ಲಿ ಯಾರು ಹೋದರೂ ಕುಣಿ ತೋಡುವುದು ಎಲ್ಲಿ, ಹೆಣ ಕೂಡಿಸಿ ಒಯ್ಯುವ ವಿಮಾನ ಕಟ್ಟುವವರು ಯಾರು ಎಂದೆಲ್ಲ ಗೊತ್ತುಮಾಡುವವನು ಅವನೇ. ಸಾವಿನ ಮನೆಯಲ್ಲಿ ಖರೇ ಏನು ಎಂದು ಯಾರೂ ಕೇಳುವಂತಿಲ್ಲ. ಬಂದು, ತಲೆ ತಗ್ಗಿಸಿ, ಸುಮ್ಮನೆ ಕೂಡಬೇಕು. ಹಾಗೇ ಒಬ್ಬೊಬ್ಬರಾಗಿ ಬಂದರು, ತಲೆ ತಗ್ಗಿಸಿ ಕೂತರು. ನೋಡನೋಡುತ್ತ ಕುರ್ಚಿಗಳು ತುಂಬಿ ಕೆಲವರು ನಿಲ್ಲಬೇಕಾಯಿತು. ದ್ಯಾಮಪ್ಪ ಚನ್ನವ್ವನ ತವರು ಶಿರೋಳಕ್ಕೆ ಫೋನ್ ಮಾಡಿಸಿದ. ಅವರು ಟ್ರ್ಯಾಕ್ಟರ್ ಹೊರಡಿಸಿದರು.

ಬಚ್ಚಲಲ್ಲಿದ್ದ ಅಂದಾನೆಪ್ಪ ಹೊಸ ಧೋತರ ಉಟ್ಟು ಹೊರಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಇಡೀ ಓಣಿ ಶಾಮಿಯಾನದ ಕೆಳಗೆ ಕೂತಿತ್ತು. ಒಬ್ಬರ ಮೊಬೈಲೂ ಕೈಯಲ್ಲಿರಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ಹಸನಬಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಪಿಯಾನೋದಲ್ಲಿ ಇಂಥ ಶಕ್ತಿ ಇದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ವಾರವಿಡೀ ನಿದ್ದೆ ಬರಿಸಿದ್ದಕ್ಕೆ ಅವನು ಮನಸ್ಸಿನಲ್ಲೇ ಆ ಜರ್ಮನಿಯವನ ಕ್ಷಮೆ ಕೇಳಿದ. ದೋಷ ತನ್ನ ಕಿವಿಯದೇ ಇರಬೇಕು, ರಸಿಕರು ಎಲ್ಲ ಕಡೆ ಇರುತ್ತಾರೆ ಅಂದುಕೊಂಡು, ಮನೆಯ ಯಜಮಾನನಿಗೆ ಒಪ್ಪುವ ಗಾಂಭೀರ್ಯದಿಂದ ಅವನೂ ತಲೆ ತಗ್ಗಿಸಿ ಕೈ ಮುಗಿದ. ಜನರೂ ಕೈ ಮುಗಿದರು.

ಆಗ ಪುರಸಭೆಯ ಆ ವಾರ್ಡಿನ ಮೆಂಬರು ದೊಡ್ಡ ಚೆಂಡುಹೂವಿನ ಹಾರದೊಂದಿಗೆ ಬಂದರು. ನೇರ ಒಳಗೆ ಹೋಗಿ ಚನ್ನವ್ವನ ಕೊರಳಿಗೆ ಹಾರ ಹಾಕಿ, ಕಾಲು ಮುಟ್ಟಿ, ಹೊರಗೆ ಬಂದು ಅಂದಾನೆಪ್ಪನ ಎರಡೂ ಕೈ ಹಿಡಿದರು.

“ದೊಡ್ಡ ಜೀವ ಹೋತ್ರಿ ಅಂದಾನೆಪ್ಪ. ದಾಖಲೆ ಗೀಖಲೆ ಏನ ಬೇಕು ಹೇಳ್ರಿ, ನಾಳೆ ಮಾಡಸ್ಕೊಡ್ತೀನಿ.”

ಅಂದಾನೆಪ್ಪ ಒಳಗೆ ನೋಡಿದ. ಗೋಡೆ, ಗಾದಿ, ದಿಂಬು, ವಿಭೂತಿ, ಹಾರ. ಒಂದು ಕ್ಷಣ ಅವನಿಗೂ ಅನಿಸಿದ್ದು ಓಣಿಗೆ ಅನಿಸಿದ್ದೇ. ಓಡಿಹೋಗಿ ತಾಯಿಯ ಮೂಗಿನ ಕೆಳಗೆ ಬೆರಳು ಹಿಡಿದ. ಬೆಚ್ಚಗೆ ಉಸಿರು ತಾಗಿತು. ಜೀವ ಬಂದಂತಾಗಿ, ಜನಕ್ಕೆ ಹೇಳಬೇಕೆಂದು ತಿರುಗಿದರೆ, ಶಾಮಿಯಾನದ ಬಾಯಲ್ಲಿ ಬೀಗರ ಕಾರು ನಿಂತಿತ್ತು.

ಗುರುಪಾದಪ್ಪನವರು ಇಳಿದವರು ಕಾರಿನ ಬಾಗಿಲು ಹಾಕುವುದನ್ನೂ ಮರೆತರು. ಅವರ ಪಿಯಾನೋ, ಓಣಿಯ ತುಂಬ. ಅದರ ಮುಂದೆ ಇಷ್ಟೊಂದು ಜನ, ಮಾತಿಲ್ಲದೆ, ತಲೆ ತಗ್ಗಿಸಿ. ಹೆಂಗಸರ ಕಣ್ಣಲ್ಲಿ ನೀರು. ಒಳಗೆ ಮನೆಯ ಹಿರಿಯಳು ಹಾರ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದಾಳೆ. ಸಂಗೀತ ಕೇಳುವಾಗ ಹಿರಿಯರಿಗೆ ಹಾರ ಹಾಕುವುದು ಇವರ ಮನೆಯ ಸಂಪ್ರದಾಯವಿರಬೇಕು. ಒಂದೇ ಕುರ್ಚಿಯ ಕೋಣೆಯಲ್ಲಿ ಇಷ್ಟು ವರ್ಷ ಕಳೆದ ಅವರು ಕೂತವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಯಾರೋ ಎದ್ದು ಅವರಿಗೆ ಕುರ್ಚಿ ಬಿಟ್ಟರು. ಅವರು ಕೂತು ಕಣ್ಣು ಮುಚ್ಚಿದರು. ದೂರದಿಂದ ಬಂದ ಸಂಬಂಧಿಕರು, ಪಾಪ, ಎಷ್ಟು ಹಚ್ಚಿಕೊಂಡಿದ್ದರೋ ಎಂದು ಜನ ಮರುಗಿದರು.

ಅಂದಾನೆಪ್ಪ ದ್ಯಾಮಪ್ಪನ ಹತ್ತಿರ ಹೋಗಿ, ನಮ್ಮವ್ವ ಹೋಗಿಲ್ಲ ಎಂದು ಹೇಳಲು ಬಾಯಿ ತೆರೆದ. ಗುರುಪಾದಪ್ಪನವರು ತುಟಿಯ ಮೇಲೆ ಬೆರಳಿಟ್ಟರು. ಮುಗಿಯುವ ಮುನ್ನ ಒಂದು ಮಾತೂ ಆಡಬಾರದು. ಮೈನುದ್ದೀನನ ಕಡೆ ತಿರುಗಿದ. ಮತ್ತೆ ಬೆರಳು. ಬೀಗರನ್ನು ನೋಯಿಸಿದರೆ ಮದುವೆ ಹೋಗುತ್ತದೆ, ಸುಮ್ಮನಿದ್ದರೆ ತಾಯಿಯನ್ನು ಹೊತ್ತುಕೊಂಡು ಹೋಗುತ್ತಾರೆ. ಬಾಗಿಲ ಮರೆಯಲ್ಲಿ ನಿಂತ ಶ್ವೇತಾಳ ಮುಖ ಬಿಳಿಚಿತ್ತು. ಅವನು ಸುಮ್ಮನಿರುವುದನ್ನೇ ಆರಿಸಿಕೊಂಡ. ಹೊತ್ತುಕೊಂಡು ಹೋಗುವುದಕ್ಕೆ ಇನ್ನೂ ವೇಳೆಯಿತ್ತು.

ಆದರೆ ಹಸನಬಿಗೆ ಬೆರಳಿನ ಅರ್ಥ ಆಗಲಿಲ್ಲ. ಅವಳು ಗಾದಿಯ ಹತ್ತಿರ ಸರಿದು, ನಮ್ಮ ಕಡೆ ಹೆಂಗಸರು ಮಾಡುವಂತೆ, ಹಾಡುತ್ತ ಅಳತೊಡಗಿದಳು.

“ಚನ್ನವ್ವಕ್ಕಾ, ಮೈನುದ್ದೀನ ಹುಟ್ಟಿದಾಗ ನನಗ ಜ್ವರಾ ಬಂದಿತ್ತವ್ವಾ. ನಿನ್ನ ಕೂಸಿಗೆ ಒಂದ ಮಗ್ಗಲಾ, ನನ್ನ ಕೂಸಿಗೆ ಒಂದ ಮಗ್ಗಲಾ ಕೊಟ್ಟ ಹಾಲ ಕುಡಿಸಿ ಜ್ವಾಪಾನ ಮಾಡಿದ್ಯವ್ವಾ. ಜಾತಿ ನೋಡಲಿಲ್ಲವ್ವಾ ನೀ…”

ಮೈನುದ್ದೀನ ಕುರ್ಚಿಯ ಬೆನ್ನಿಗೆ ಮುಖ ಆನಿಸಿಕೊಂಡು ಬಿಕ್ಕಿದ. ಚನ್ನವ್ವನಿಗೆ ಎಚ್ಚರವಾದದ್ದು ಇಲ್ಲಿಯೇ. ಎಂಬತ್ತು ದಾಟಿದ ಹೆಂಗಸು, ಇಷ್ಟು ವರ್ಷದಲ್ಲಿ ತನ್ನ ಬಗ್ಗೆ ಇಂಥ ಒಂದು ಮಾತನ್ನೂ ಯಾರ ಬಾಯಿಂದಲೂ ಕೇಳಿದವಳಲ್ಲ. ಕಣ್ಣು ತೆರೆದರೆ ಇದು ನಿಂತುಹೋಗುತ್ತದೆ ಎಂದು ಅವಳಿಗೆ ಕೂಡಲೇ ತಿಳಿಯಿತು. ತೆರೆಯಲಿಲ್ಲ.

ಅಳುವ ಸಪ್ಪಳ ಅಡುಗೆಮನೆ ಮುಟ್ಟಿತು. ಹೋಳಿಗೆ ಬಡಿಯುತ್ತಿದ್ದ ಅನ್ನಪೂರ್ಣೇಶ್ವರಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಈಗಷ್ಟೇ ಚಹಾ ಕುಡಿಸಿ ಕೂಡಿಸಿದ್ದ ಅತ್ತೆಯ ಕೊರಳಲ್ಲಿ ಹಾರ, ಸುತ್ತ ಓಣಿ. ಅವಳು ಯಾರನ್ನೂ ಏನೂ ಕೇಳಲಿಲ್ಲ. ಅತ್ತೆಯ ಕಾಲ ಮೇಲೆ ಬಿದ್ದಳು. ಗುರುಪಾದಪ್ಪನವರ ಬೆರಳು ಮೇಲೆದ್ದದ್ದು ಅವಳಿಗೆ ಕಾಣಲೇ ಇಲ್ಲ.

“ಅತ್ತೀ, ಮೊನ್ನಿ ಬೆಣ್ಣಿ ಬೆಕ್ಕ ತಿಂತು ಅಂತ ನಿಮಗ ಸುಳ್ಳ ಹೇಳಿದ್ನಿರಿ. ಬೆಕ್ಕ ತಿಂದಿರಲಿಲ್ಲರಿ, ನಾನ ಎತ್ತಿಟ್ಟಿದ್ದೆ…”

“ಅವತ್ತ ಗೊತ್ತಾಗೇತಿ” ಅಂದಳು ಚನ್ನವ್ವ, ಕಣ್ಣು ಮುಚ್ಚಿಕೊಂಡೇ. “ಬೆಣ್ಣಿ ತಿಂದ ಬೆಕ್ಕು ಗಡಗಿಗೆ ಮುಚ್ಚಳಾ ಹಾಕಿ ಹೋಗತೈತೇನ?”

ಮುಂದಿನದನ್ನು ಕ್ರಮವಾಗಿ ಹೇಳುವುದು ಕಷ್ಟ. ಮೆಂಬರು ಹಿಂದಕ್ಕೆ ಜಿಗಿದದ್ದು ಶಾಮಿಯಾನದ ಗಳಕ್ಕೆ, ಗಳ ಹೋದದ್ದು ದ್ಯಾಮಪ್ಪನ ಮೇಲೆ. ಮುಂದಿನ ಸಾಲಿನವರು ಹಿಂದಕ್ಕೆ ಓಡಿದರು, ಹಿಂದಿನವರು ಏನಾಯಿತೆಂದು ನೋಡಲು ಮುಂದಕ್ಕೆ ಓಡಿದರು. ಮೈನುದ್ದೀನನ ಕುರ್ಚಿಗಳಲ್ಲಿ ಕೆಲವು ಮತ್ತೆ ಕುರ್ಚಿಯಾಗಿ ಉಳಿಯಲಿಲ್ಲ. ಓಡದೆ ಇದ್ದವಳು ಹಸನಬಿ ಒಬ್ಬಳೇ. ಅವಳು ಚನ್ನವ್ವನ ಗದ್ದ ಹಿಡಿದು ನೋಡಿ, ಜೀವಂತ ಇದ್ದೂ ಇಷ್ಟು ಅಳಿಸಿದೆಯಾ ಎಂದು ತೋಳಿಗೆ ಒಂದು ಕೊಟ್ಟು, ಅಪ್ಪಿಕೊಂಡಳು. ಬಾಕ್ಸಿನಲ್ಲಿ ಪಿಯಾನೋ ತನ್ನ ಪಾಡಿಗೆ ತಾನು ಕೊನೆಯ ಸ್ವರಗಳನ್ನು ನುಡಿಸಿ ಮುಗಿಸಿತು.

ಗುರುಪಾದಪ್ಪನವರು ಎದ್ದು ನಿಂತಿದ್ದರು. ಈ ಜನ ಯಾತಕ್ಕೆ ಬಂದವರು ಎಂದು ದ್ಯಾಮಪ್ಪನನ್ನು ಕೇಳಿದರು. ದ್ಯಾಮಪ್ಪ ಗಳದ ಕೆಳಗಿನಿಂದ ಎದ್ದು ರುಮಾಲು ಸರಿಮಾಡಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

“ಮಣ್ಣಿಗೆ ಬಂದೀವ್ರಿ. ಈ ಸಪ್ಪಳಾ ಕೇಳಿ, ಅದಕ್ಕ ಹಚ್ಯಾರಂತ ತಿಳದ್ವಿ.”

“ದಿನಾ ಮುಂಜಾನೆ ಇದನ್ನ ಹಚ್ಚೂದಿಲ್ಲೇನು?”

ದ್ಯಾಮಪ್ಪ ಮೇಲಿನಿಂದ ಕೆಳಗೆ ಅವರನ್ನು ನೋಡಿದ. ದಿನಾ ಹಚ್ಚಿದರೆ ಓಣಿಯಲ್ಲಿ ಯಾರು ಉಳಿಯುತ್ತಾರೆ ಎಂದು ಅವನ ಮುಖವೇ ಹೇಳುತ್ತಿತ್ತು.

ಇನ್ನು ಮುಚ್ಚಿಡಲು ಏನೂ ಇರಲಿಲ್ಲ. ಅಂದಾನೆಪ್ಪ ಬೀಗರ ಮುಂದೆ ಬಂದು ನಿಂತ. ಉಂಡಿಯ ವಿಷಯದಿಂದ ಹಿಡಿದು ಹೇಳಿದ. ಅತ್ತದ್ದು ಸಂಗೀತಕ್ಕಲ್ಲ, ಕೇಳಿದರೆ ನಿದ್ದೆ ಬರುತ್ತದೆ, ಆ ನಿಲ್ಲುವ ಜಾಗ ದಾಟಿ ಇವತ್ತಿಗೂ ಹೋಗಿಲ್ಲ ಎಂದ. “ನಿಮ್ಮ ಮುಂದ ಸಣ್ಣಾವ ಆಗಬಾರದಂತ ಹೇಳಿದ್ನಿರಿ ಸರ. ತಪ್ಪ ನಂದು, ಮಗಳ್ದಲ್ಲ” ಎಂದು ಮುಗಿಸಿದ.

ಗುರುಪಾದಪ್ಪನವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚಲೋ ಇತ್ತು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಕಾರಿನ ಹತ್ತಿರ ನಿಂತಿದ್ದ ಮಗನಿಗೆ, “ಬಸವಪ್ರಸಾದ, ಗಾಡಿ ತಗಿ” ಅಂದರು. ಆ ಹುಡುಗ ತೆಗೆಯಲಿಲ್ಲ. ಶ್ವೇತಾಳ ಕಡೆ ನೋಡುತ್ತ ನಿಂತ. ಶ್ವೇತಾ ಒಳಗೆ ಹೋದಳು.

“ಯಾರದು, ನರಗುಂದದವರೇನು?” ಎಂದು ಗಾದಿಯಿಂದ ಚನ್ನವ್ವ ಕೇಳಿದಳು. “ಕರೀರಿ ಇಲ್ಲೆ.”

ಸತ್ತು ಎದ್ದ ಹಿರಿಯಳ ಮಾತನ್ನು ಯಾರೂ ಮೀರುವಂತಿರಲಿಲ್ಲ. ಜನ ತಾವಾಗಿ ದಾರಿ ಬಿಟ್ಟರು. ಗುರುಪಾದಪ್ಪನವರು ಬಂದು ಹೊಸ್ತಿಲಲ್ಲಿ ನಿಂತರು.

“ಆ ಪೆಟಗಿ ನೀವ ಹೇಳಿ ಹಚ್ಚಿಸಿದ್ದೇನು? ಚಲೋ ಐತಿ. ನಾ ಕೇಳಾಕತ್ತಿದ್ದೆ, ಈ ಮಂದಿ ಬಂದು ಅಳಾಕ ಹತ್ತಿದ್ರು. ಅಳೂದರ ಸರಿಯಾಗಿ ಕೇಳೂನಂದ್ರ ನಮ್ಮ ಸೊಸಿ ಬೆಣ್ಣಿ ಮಾತ ತಗದ್ಲು. ಎರಡೂ ಹೋತು. ಮತ್ತೊಮ್ಮಿ ಹಚ್ಚಸ್ರಿ. ಮೆಂಬರ್ರ, ನೀವೂ ಕುಂಡ್ರಿ. ಯಾರೂ ಹೋಗಬ್ಯಾಡ್ರಿ, ಹೋಳಿಗಿ ಆಗ್ಯಾವ.”

ಹೋಳಿಗೆಯ ಮಾತು ಬಂದ ಮೇಲೆ ಹೋಗುವ ಪ್ರಶ್ನೆ ಇರಲಿಲ್ಲ. ಮುರಿಯದೆ ಉಳಿದ ಕುರ್ಚಿಗಳನ್ನು ಎತ್ತಿ ನಿಲ್ಲಿಸಿದರು. ಶಿರೋಳದವರಿಗೆ ಫೋನ್ ಮಾಡಿ ಟ್ರ್ಯಾಕ್ಟರ್ ತಿರುಗಿಸಲು ಹೇಳಿದರೆ, ರೊಟ್ಟಿಯ ಬುತ್ತಿ ಕಟ್ಟಿಯಾಗಿದೆ, ಬಂದೇ ಬರುತ್ತೇವೆ ಅಂದರು. ಗುರುಪಾದಪ್ಪನವರು ಒಲ್ಲದ ಮನಸ್ಸಿನಿಂದ ಕೂತರು. ಹಿರಿಯಳ ಮಾತಿಗೆ ಒಂದು ಸಲ ಕೇಳುವುದು, ಆಮೇಲೆ ಹೋಗುವುದು ಎಂಬುದು ಅವರ ಮುಖದಲ್ಲಿ ಬರೆದಿತ್ತು. ಮೈನುದ್ದೀನ ಪಿಯಾನೋ ಹಚ್ಚಿದ.

ಈ ಸಲ ಯಾರೂ ತಲೆ ತಗ್ಗಿಸಲಿಲ್ಲ. ಒಬ್ಬರು ಕೆಮ್ಮಿದರು. ಮೆಂಬರು ಬಿದ್ದ ಬಗೆಯನ್ನು ಇಬ್ಬರು ಪಿಸುದನಿಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು. ದ್ಯಾಮಪ್ಪನ ಮೊಬೈಲಿಗೆ ಕುಣಿ ತೋಡುವವರ ಕರೆ ಬಂತು, ಅವನು ನಿಲ್ಲಿಸಿರೋ ಎಂದು ಒದರಿದ. ಗುರುಪಾದಪ್ಪನವರು ಪ್ರತಿಯೊಂದು ಸಪ್ಪಳಕ್ಕೂ ಮುಳ್ಳು ಚುಚ್ಚಿಸಿಕೊಂಡವರಂತೆ ಕುಗ್ಗುತ್ತಿದ್ದರು. ಚನ್ನವ್ವ ದಿಂಬುಗಳ ನಡುವೆ ಆನಿಕೊಂಡು ಮತ್ತೆ ಕಣ್ಣು ಮುಚ್ಚಿದಳು. ಪಿಯಾನೋ ಏರುತ್ತ ಹೋಯಿತು, ಏರಿತು, ನಿಂತಿತು.

ಓಣಿ ಒಮ್ಮೆಲೇ ಚನ್ನವ್ವನ ಕಡೆ ನೋಡಿತು.

ಅವಳು ಅಲುಗುತ್ತಿರಲಿಲ್ಲ. ಕತ್ತು ಸ್ವಲ್ಪ ವಾಲಿತ್ತು. ಎದೆ ಏರುತ್ತಿದೆಯೋ ಇಲ್ಲವೋ ಹಾರದ ದಪ್ಪದಲ್ಲಿ ತಿಳಿಯುತ್ತಿರಲಿಲ್ಲ. ಕುರ್ಚಿಗಳು ಕಿರುಗುಟ್ಟುವುದನ್ನು ನಿಲ್ಲಿಸಿದವು. ಹಸನಬಿ ಬಾಯಿಗೆ ಸೆರಗು ಒತ್ತಿದಳು. ಹೋಳಿಗೆಯ ತಾಟು ಹಿಡಿದು ಬಂದ ಅನ್ನಪೂರ್ಣೇಶ್ವರಿ ಇಟ್ಟ ಹೆಜ್ಜೆಯಲ್ಲೇ ನಿಂತಳು. ಇಡೀ ಓಣಿಯಲ್ಲಿ ಉಸಿರಾಡುವವರೇ ಇಲ್ಲವೆಂಬಂತಾಯಿತು. ಗುರುಪಾದಪ್ಪನವರು ಬದುಕಿನಲ್ಲಿ ಮೊದಲ ಸಲ ಆ ಜಾಗದಲ್ಲಿ ಪೂರ್ತಿ ನಿಶ್ಶಬ್ದವನ್ನು ಕೇಳಿದರು. ಏನಿದು ಎಂದು ಕಣ್ಣು ತೆರೆದು ನೋಡಿ, ಎಲ್ಲರ ಕತ್ತು ಎಲ್ಲಿಗೆ ತಿರುಗಿದೆ ಎಂಬುದು ತಿಳಿದು, ತಾವೂ ಉಸಿರು ಹಿಡಿದು ಅತ್ತಲೇ ನೋಡಿದರು. ಅಂದಾನೆಪ್ಪನ ತಲೆಯಲ್ಲಿ ಬೀಗರಿರಲಿಲ್ಲ, ಸುಳ್ಳಿರಲಿಲ್ಲ, ಮದುವೆಯೂ ಇರಲಿಲ್ಲ. ಅವ್ವ ಒಮ್ಮೆ ಉಸಿರಾಡಿದರೆ ಸಾಕಿತ್ತು.

ಚನ್ನವ್ವನ ತುಟಿ ಮಾತ್ರ ಅಲುಗಿತು.

“ಸತ್ತಿಲ್ಲ. ಕೇಳಾಕತ್ತೀನಿ.”

ಅದರ ಹಿಂದೆಯೇ ಒಂದೇ ಒಂದು ಸ್ವರ, ಬಹಳ ಮೆಲ್ಲಗೆ, ಬಂತು. ಆಮೇಲೆ ಇನ್ನೊಂದು. ಓಣಿ ಉಸಿರು ಬಿಟ್ಟಿತು, ಆದರೆ ಯಾರೂ ಮಾತಾಡಲಿಲ್ಲ. ಗುರುಪಾದಪ್ಪನವರು ಕನ್ನಡಕದ ಕೆಳಗೆ ಬೆರಳು ತೂರಿಸಿ ಕಣ್ಣೊರೆಸಿಕೊಂಡು, ಅಂದಾನೆಪ್ಪನ ಕಡೆ ಬಾಗಿ ಪಿಸುಗುಟ್ಟಿದರು:

“ಬೀಗರ, ಮುಹೂರ್ತ ನೋಡಸ್ರಿ.”

ಅಂದಾನೆಪ್ಪ ತುಟಿಯ ಮೇಲೆ ಬೆರಳಿಟ್ಟ. ಪಿಯಾನೋ ಇನ್ನೂ ಮುಗಿದಿರಲಿಲ್ಲ.